ಡೆಕಮೆರಾನ್‌ನ ಪೋಲಿ ಕತೆಗಳಿಂದ 40 ನಿಮಿಷದ ಸಿನಿಮಾ: ಓದುವಾಗ ಬರುವ ನಗು ತೆರೆಯ ಮೇಲೆ ಯಾಕೆ ಬರ್ತಿಲ್ಲ?

ರೀಲುಗಾಡಿ ಕೇಳಿದ್ದು:

14ನೇ ಶತಮಾನದ ಇಟಲಿಯ ಲೇಖಕ ಬೊಕ್ಕಾಚೊನ ಡೆಕಮೆರಾನ್‌ನಿಂದ (ಹತ್ತು ಜನ ಹತ್ತು ದಿನ ಹೇಳುವ ನೂರು ಕತೆಗಳ ಪುಸ್ತಕ) ಮೂರು ಕತೆ ಇಟ್ಕೊಂಡು 40 ನಿಮಿಷದ ಚಿತ್ರಕತೆ ಬರೀತಿದ್ದೇವೆ. ಶೂಟಿಂಗ್ ಇಟಲಿಯಲ್ಲೇ, ನೇಪಲ್ಸ್ ಸುತ್ತಮುತ್ತ. ನಟರೂ ಅಲ್ಲಿಯವರೇ. ಕಾಲ 14ನೇ ಶತಮಾನವೇ, ಇವತ್ತಿಗೆ ತಂದು ಕೂರಿಸುವ ಯೋಚನೆ ಇಲ್ಲ. ಆರಿಸಿಕೊಂಡ ಕತೆಗಳು ಇವು: ಎರಡನೇ ದಿನದ 5ನೆಯದು (ಕುದುರೆ ಕೊಳ್ಳೋಕೆ ಬಂದು ಟೋಪಿ ಹಾಕಿಸಿಕೊಳ್ಳುವ ಆಂಡ್ರುಚ್ಚೊ), ಏಳನೇ ದಿನದ 2ನೆಯದು (ಗಂಡ ಬಂದಾಗ ಮಿಂಡನನ್ನು ಗುಡಾಣದಲ್ಲಿ ಅಡಗಿಸಿ, ಗುಡಾಣ ಕೊಳ್ಳೋಕೆ ಬಂದವನು ಅಂತ ಹೇಳಿ, ಗಂಡನನ್ನೇ ಅದರೊಳಗೆ ಇಳಿಸಿ ಕೆರೆಸುವ ಪೆರೊನೆಲ್ಲಾ), ಒಂಬತ್ತನೇ ದಿನದ 2ನೆಯದು (ಸನ್ಯಾಸಿನಿಯೊಬ್ಬಳನ್ನು ಮಿಂಡನ ಜೊತೆ ಹಿಡಿಯೋಕೆ ಹೊರಟು, ಕತ್ತಲಲ್ಲಿ ತಲೆವಸ್ತ್ರ ಅಂದ್ಕೊಂಡು ಪಾದ್ರಿಯ ಚಡ್ಡಿ ತಲೆಗೇರಿಸಿಕೊಂಡು ಬರುವ ಮಠದ ಯಜಮಾನಿ).

ತೊಡಕು ಏನಪ್ಪಾ ಅಂದ್ರೆ, ಓದಿದಾಗ ಹೊಟ್ಟೆ ಹುಣ್ಣಾಗುವಷ್ಟು ನಗು, ಸ್ಟೋರಿಬೋರ್ಡ್ ಮಾಡಿದ್ರೆ ಬರೀ ಹಾಸಿಗೆ ಸಿನಿಮಾ. ಮೂಲದಲ್ಲಿ ಕತೆ ಹೇಳುವ ಹತ್ತು ಜನರನ್ನು ಇಟ್ಕೊಳ್ಳಬೇಕಾ, ಬಿಡಬೇಕಾ? ಗುಡಾಣದ ದೃಶ್ಯವನ್ನು ನಿಜಕ್ಕೂ ಹೇಗೆ ಕಟ್ಟೋದು? ಹಕ್ಕುಗಳ ವಿಷಯ ಗೊತ್ತಿರೋರು ಅದನ್ನೂ ಹೇಳಿ.

ಹಸ್ತಪ್ರತಿ:

ಮೊದಲು ನಗು ಎಲ್ಲಿ ಕೂತಿದೆ ನೋಡಿ. ಬೊಕ್ಕಾಚೊ ಆ ಕೆಲಸವನ್ನು ಎಲ್ಲೂ ಹೆಸರು ಹಿಡಿದು ಹೇಳೋದಿಲ್ಲ. ಪೆರೊನೆಲ್ಲಾ ಕತೆಯ ಮುಖ್ಯ ಗಳಿಗೆಯಲ್ಲಿ ಅವನು ಬರೆಯೋದು ವಿಶಾಲ ಬಯಲಿನಲ್ಲಿ ಪಾರ್ಥಿಯಾದ ಹೆಣ್ಣುಕುದುರೆಗಳ ಮೇಲೆ ಎರಗುವ ಕಡಿವಾಣವಿಲ್ಲದ ಗಂಡುಕುದುರೆಗಳ ಬಗ್ಗೆ. ಬಡ ಗಾರೆಕೆಲಸದವನ ಒಂದು ಕೋಣೆ, ಮೂಲೆಯಲ್ಲಿ ಗುಡಾಣ, ಅದಕ್ಕೆ ಮಹಾಕಾವ್ಯದ ಉಪಮೆ! ಆ ಎತ್ತರ ಮತ್ತು ಆ ತಗ್ಗಿನ ನಡುವೆ ನಗು ಹುಟ್ಟುತ್ತೆ. ಕ್ಯಾಮೆರಾಗೆ ಉಪಮೆ ಬರೋದಿಲ್ಲ. ಎದುರಿಗಿದ್ದದ್ದನ್ನು ಇದ್ದ ಹಾಗೇ ತೋರಿಸುತ್ತೆ. ನಿಮ್ಮ ಸ್ಟೋರಿಬೋರ್ಡ್ ಹಾಸಿಗೆ ಸಿನಿಮಾ ಆಗಿರೋದು ಇದಕ್ಕೇ. ಹೇಳುವವನ ಬಾಯಿ ತೆಗೆದುಹಾಕಿದ್ದೀರಿ, ಅದರ ಜಾಗಕ್ಕೆ ಇನ್ನೇನನ್ನೂ ತಂದಿಲ್ಲ.

ಹತ್ತು ಜನರ ಚೌಕಟ್ಟು: 1348ರ ಪ್ಲೇಗಿಗೆ ಹೆದರಿ ಫ್ಲಾರೆನ್ಸ್ ಬಿಟ್ಟ ಏಳು ಹೆಂಗಸರು, ಮೂವರು ಗಂಡಸರು, ಹತ್ತು ದಿನ, ದಿನಕ್ಕೆ ಹತ್ತು ಕತೆ. 40 ನಿಮಿಷದಲ್ಲಿ ಹತ್ತು ಮುಖಗಳನ್ನು ಪರಿಚಯ ಮಾಡಿಸೋಕೇ ಆರೇಳು ನಿಮಿಷ ಹೋಗುತ್ತೆ. ಬಿಡಿ. ಇಟಲಿಯ ನಿರ್ದೇಶಕ ಪಾಸೊಲಿನಿ 1971ರ ತನ್ನ ಡೆಕಮೆರಾನ್ ಚಿತ್ರದಲ್ಲಿ ಪ್ಲೇಗನ್ನೂ ಬಿಟ್ಟ, ಹತ್ತು ಜನರನ್ನೂ ಬಿಟ್ಟ. ಮೊದಲರ್ಧಕ್ಕೆ ಚಪ್ಪೆಲ್ಲೆತ್ತೊ ಎಂಬ ಪರಮ ನೀಚನನ್ನು ದಾರವಾಗಿ ಎಳೆದ. ಎರಡನೇ ಅರ್ಧಕ್ಕೆ ಆ ಕಾಲದ ಹೆಸರಾಂತ ಚಿತ್ರಕಾರ ಜೊತ್ತೊನ ಶಿಷ್ಯನೊಬ್ಬ ಗೋಡೆಗೆ ಚಿತ್ರ ಬರೆಯೋಕೆ ನೇಪಲ್ಸಿಗೆ ಬರ್ತಾನೆ. ಆ ಪಾತ್ರ ತಾನೇ ಮಾಡಿದ. ಇದು ಗಾಳಿಯಲ್ಲಿ ಹುಟ್ಟಿದ ಕಲ್ಪನೆ ಅಲ್ಲ. ಆರನೇ ದಿನದ 5ನೇ ಕತೆಯಲ್ಲಿ ಜೊತ್ತೊ ಮಳೆಯಲ್ಲಿ ತೊಯ್ದು, ರೈತನೊಬ್ಬನ ಹಳೇ ಹೊದಿಕೆ ಹೊದ್ದು ಬರುವ ಪ್ರಸಂಗ ಇದೆ. ಜೊತ್ತೊ 1328ರಿಂದ 1333ರ ತನಕ ಅಂಜೂ ವಂಶದ ರಾಜ ರಾಬರ್ಟ್‌ಗಾಗಿ ನೇಪಲ್ಸಿನಲ್ಲಿ ಕೆಲಸ ಮಾಡಿದ್ದೂ ಚರಿತ್ರೆ. ಬೊಕ್ಕಾಚೊ ಕೂಡ ಹರೆಯದ ವರ್ಷಗಳನ್ನು ಕಳೆದದ್ದು ಆ ಊರಲ್ಲೇ. ಹಾಗಾಗಿ ಟಸ್ಕನಿಯ ಪುಸ್ತಕವನ್ನು ನೇಪಲ್ಸಿನ ಆಡುಮಾತಿಗೆ ಎತ್ತಿಕೊಂಡು ಹೋದದ್ದು ಪುಸ್ತಕಕ್ಕೆ ದ್ರೋಹ ಅನ್ನಿಸೋದಿಲ್ಲ. ಮೈಸೂರು ಕಡೆಯ ಬರವಣಿಗೆಯನ್ನು ಹುಬ್ಬಳ್ಳಿ ಬಾಯಿಗೆ ಕೊಟ್ಟ ಹಾಗೆ. ಹೇಳುವವನ ವಾಕ್ಯ ಹೋದ ಜಾಗಕ್ಕೆ ಊರಿನ ಗಂಟಲು ಬಂತು.

ಚೌಕಟ್ಟು ಬೇಕೇಬೇಕು ಅನ್ನೋರಿಗೆ ತವಿಯಾನಿ ಸಹೋದರರ 2015ರ ಚಿತ್ರ ಇದೆ. ಪ್ಲೇಗನ್ನೂ ಯುವಕ ಯುವತಿಯರನ್ನೂ ಉಳಿಸಿಕೊಂಡು ಐದೇ ಕತೆ ಮಾಡಿದರು. ಚಂದ ಇದೆ, ಆದರೆ ಪೋಲಿತನ ತಣ್ಣಗಾಗಿದೆ.

ಆಂಡ್ರುಚ್ಚೊನನ್ನು ಕೈಬಿಡಿ. ಒಂದೇ ರಾತ್ರಿಯ ಕತೆ ಅಂತ ಸುಲಭವಾಗಿ ಕಾಣುತ್ತೆ. ಆದರೆ ಎರಡು ಮನೆಗಳ ನಡುವೆ ತೊಲೆ ಮೇಲೆ ಹಲಗೆ ಹಾಸಿದ ಪಾಯಿಖಾನೆ, ಬಾವಿ, ಆರ್ಚ್‌ಬಿಷಪ್ಪನ ಸಮಾಧಿ, ಇಷ್ಟೂ ಸೆಟ್ ಬೇಕು, ಅದೂ ರಾತ್ರಿ ಶೂಟಿಂಗ್. ಅರ್ಧ ಮಾಡೋಕೂ ಆಗಲ್ಲ. ಕಳೆದುಕೊಂಡ 500 ಚಿನ್ನದ ಫ್ಲೋರಿನ್ನಿಗಿಂತ ಕೊನೆಗೆ ಹೆಣದ ಬೆರಳಿನಿಂದ ಕದ್ದ ಉಂಗುರದ ಬೆಲೆ ಹೆಚ್ಚು ಅನ್ನೋದೇ ಆ ಕತೆಯ ಆಕಾರ. ಮೊದಲ ಭಾಗ ಕತ್ತರಿಸಿದರೆ ಉಂಗುರ ಬರೀ ಉಂಗುರ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡ್ತೀನಿ. ಮೂರನೇ ದಿನದ 10ನೇ ಕತೆ ಕಡೆ ಯಾರಾದರೂ ಬೆರಳು ತೋರಿಸಿದರೆ ಬೇಡ ಅನ್ನಿ. ಮೂಲದಲ್ಲೇ ಆ ಪೋಲಿ ಕತೆಯ ನಾಯಕಿಗೆ 14 ವರ್ಷ.

ಬಣ್ಣದಪೆಟ್ಟಿಗೆ:

ಗುಡಾಣದ ವಿಷಯ ನನಗೆ ಬಿಡಿ. ಮೂಲವನ್ನು ಒಮ್ಮೆ ನಿಧಾನ ಓದಿ. ಗಂಡ ಒಳಗಿಳಿದು ಕೆರೆಯೋಕೆ ಶುರು ಮಾಡಿದ ಮೇಲೆ ಅವಳು ತಲೆ, ಒಂದು ಕೈ, ಇಡೀ ಭುಜ, ಇಷ್ಟನ್ನೂ ಗುಡಾಣದ ಬಾಯೊಳಗೆ ಹಾಕ್ತಾಳೆ. ಬಾಯಿ ಅಷ್ಟೇನೂ ದೊಡ್ಡದಲ್ಲ ಅಂತ ಬೊಕ್ಕಾಚೊ ಅಲ್ಲೇ ಹೇಳಿಬಿಟ್ಟಿದ್ದಾನೆ. ಅಂದರೆ ಅವಳೇ ಮುಚ್ಚಳ! ಗಂಡ ಮೇಲೆ ನೋಡಿದರೆ ಹೆಂಡತಿ ಮುಖ ಬಿಟ್ಟು ಏನೂ ಕಾಣಬಾರದು. ಹೆಚ್ಚಿನವರು ಎಡವೋದು ಇಲ್ಲಿ. ನಟ ಸಲೀಸಾಗಿ ಇಳಿಯಲಿ ಅಂತ ಅಗಲ ಬಾಯಿಯ ಹಂಡೆಯಂಥದ್ದನ್ನು ತರ್ತಾರೆ. ಆಗ ಗಂಡ ಕುರುಡನಾಗಬೇಕು, ಇಲ್ಲಾ ದಡ್ಡನಾಗಬೇಕು. ಕತೆಯಲ್ಲಿ ಅವನು ಎರಡೂ ಅಲ್ಲ, ಬೆಲೆ ಜಾಸ್ತಿ ಸಿಕ್ಕಿತಲ್ಲ ಅಂತ ಖುಷಿಯಲ್ಲಿರೋ ಬಡವ.

ಅಳತೆ ಹೀಗಿರಲಿ. ಬಾಯಿ 52ರಿಂದ 55 ಸೆಂಟಿಮೀಟರ್. ಸಣಕಲು ನಟ ಒಂದು ಭುಜ ಮುಂದೆ ಮಾಡಿ ಇಳಿದರೆ ಹೋಗುತ್ತೆ, ಅವಳ ತಲೆ ಭುಜ ಸೇರಿದರೆ ಮುಚ್ಚುತ್ತೆ. ಹೊಟ್ಟೆಯ ಒಳ ಅಗಲ 110ಕ್ಕೆ ಕಮ್ಮಿ ಬೇಡ, ಅವನು ಕುಕ್ಕರಗಾಲಲ್ಲಿ ಕೂತು ಕೈ ಆಡಿಸಬೇಕು. ಅಂಚಿನ ಎತ್ತರ ನೆಲದಿಂದ 95ರಿಂದ 100. ಇದು 160 ಸೆಂಟಿಮೀಟರ್ ಎತ್ತರದ ನಟಿಗೆ. 80ಕ್ಕೆ ಇಳಿಸಿದರೆ ಅವಳು ಮಡಚಿ ಬೀಳ್ತಾಳೆ, ಮುಖಕ್ಕೆ ರಕ್ತ ಇಳಿದು ಎರಡನೇ ಟೇಕಿಗೇ ತಲೆಸುತ್ತು. 115 ದಾಟಿದರೆ ತುದಿಗಾಲಲ್ಲಿ ನಿಲ್ಲಬೇಕು, ಮುಖದಲ್ಲಿ ನಟನೆ ಹೋಗಿ ಬರೀ ತ್ರಾಸ ಕಾಣುತ್ತೆ.

ನಿಜವಾದ ಮಣ್ಣಿನ ಗುಡಾಣ ಈ ಅಳತೆಯಲ್ಲಿ ನೂರಾರು ಕಿಲೋ, ಮುಟ್ಟೋಕೆ ಹೋಗಬೇಡಿ. ನಿಜದ ಒಂದರ ಅಚ್ಚು ತೆಗೆದು ಫೈಬರಿನಲ್ಲಿ ಎರಡು ಮಾಡಿಸಿ. ಒಂದು ಇಡಿಯಾಗಿ ಇರಲಿ. ಇನ್ನೊಂದನ್ನು ಉದ್ದಕ್ಕೆ ಸೀಳಿ, ಒಳಗಿನ ಶಾಟಿಗೆ ಕ್ಯಾಮೆರಾ ಆ ಸೀಳಿನಿಂದ ನೋಡಲಿ. ಇಡಿಯದರ ತಳಕ್ಕೆ 15-20 ಕಿಲೋ ಮರಳು ಚೀಲ ಬಿಗಿಯಿರಿ. ಕೊನೆಯಲ್ಲಿ ಗಂಡನೇ ಅದನ್ನು ಮಿಂಡನ ಮನೆಗೆ ಸಾಗಿಸಬೇಕು, ಭಾರ ಇಲ್ಲದಿದ್ದರೆ ಹೊರುವವನ ನಡಿಗೆ ಸುಳ್ಳು ಹೇಳುತ್ತೆ.

ಒಳಗಿನ ಗಷ್ಟು ಅಂದರೆ ಒಣಗಿದ ದ್ರಾಕ್ಷಾರಸದ ಕೊಳೆ. ಜೇಡಿ, ಮರದ ಹೊಟ್ಟು, ಗೋಂದು, ಕಂದು ಬಣ್ಣ ಕಲಸಿ ಅರ್ಧ ಇಂಚು ಬಳಿದು ಎರಡು ದಿನ ಒಣಗಿಸಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡವೇ ಬೇಡ, ಕೆರೆದ ಕೂಡಲೇ ಪುಡಿಯೆದ್ದು ಮುಚ್ಚಿದ ಜಾಗದಲ್ಲಿ ನಟನ ಕಣ್ಣು, ಗಂಟಲು ಎರಡೂ ಹೋಗುತ್ತೆ. ಮೂಲದಲ್ಲಿ ಅವನ ಕೈಲಿ ದೀಪ ಇದೆ. ಫೈಬರ್ ಒಳಗೆ ನಿಜದ ಬೆಂಕಿ ತರಬೇಡಿ, ಮಿಣುಕುವ ಎಲ್‌ಇಡಿ ಬತ್ತಿ ಸಾಕು. ಹಿಂಬದಿ ಕಾಣದ ಕಡೆ ಕೈಯಗಲ ತೂತು ಮಾಡಿ ಸಣ್ಣ ಫ್ಯಾನ್ ಇಡಿ, ಟೇಕಿನ ನಡುವೆ ಓಡಿಸಿ. ಒಂದೇ ಸಲಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಒಳಗೆ ಕೂರಿಸಬೇಡಿ.

ಈಗ ಶಾಟು. ಸೀಳಿದ ಗುಡಾಣದ ತಳದಲ್ಲಿ 24 ಎಂಎಂ ಲೆನ್ಸ್, ಮೇಲ್ಮುಖ. ದುಂಡನೆಯ ಬಾಯಿ, ಅದರ ತುಂಬಾ ಅವಳ ಮುಖ, ಕೆಳಗಿನಿಂದ ಬತ್ತಿಯ ಬೆಳಕು. ಅವಳು ಚೂರು ಅಲುಗಿದರೂ ಅಂಚಿನಲ್ಲಿ ಹಗಲ ಬೆಳಕಿನ ಒಂದು ಗೆರೆ, ಬಿದಿಗೆ ಚಂದ್ರನಷ್ಟು, ತೆರೆದು ಮುಚ್ಚುತ್ತೆ. ಆ ಗೆರೆ ಗಂಡನ ಹಣೆ ಮೇಲೆ ಬಂದು ಹೋಗಿ ಬಂದು ಹೋಗಿ ಮಾಡಲಿ. ಅವನು ಕೆರೀತಾನೇ ಇರಲಿ. ಹಸ್ತಪ್ರತಿಯವರು ಹೇಳಿದ ಕುದುರೆಗಳ ಉಪಮೆಗೆ ತೆರೆಯ ಮೇಲಿನ ಬದಲಿ ಇದೇ.

ಚಡ್ಡಿ ಕತೆಗೆ ಒಂದೇ ಮಾತು, ಬಟ್ಟೆ. 14ನೇ ಶತಮಾನದ ಗಂಡಸಿನ ಒಳಚಡ್ಡಿ ಸಡಿಲವಾದ ಬಿಳಿ ನಾರುಬಟ್ಟೆ, ಕಾಲುಚೀಲ ಕಟ್ಟಿಕೊಳ್ಳೋಕೆ ಲಾಡಿಗಳಿರ್ತವೆ. ಸನ್ಯಾಸಿನಿಯ ತಲೆವಸ್ತ್ರವೂ ಬಿಳಿ ನಾರುಬಟ್ಟೆಯೇ. ಕತ್ತಲಲ್ಲಿ ಕೈಗೆ ಎರಡೂ ಒಂದೇ ಥರ ಸಿಗುತ್ತೆ, ಅದಕ್ಕೇ ಪ್ರಮಾದ. ತಮಾಷೆ ಎದ್ದು ಕಾಣಲಿ ಅಂತ ವಸ್ತ್ರವಿನ್ಯಾಸದವರು ಕಂದು ಚರ್ಮದ ಷರಾಯಿ ಕೊಟ್ಟರೆ ಅವಳು ಹುಚ್ಚಿಯ ಹಾಗೆ ಕಾಣ್ತಾಳೆ. ಒಂದೇ ಥಾನಿನಿಂದ ಎರಡನ್ನೂ ಹೊಲಿಸಿ. ಮುಖದ ಎರಡೂ ಕಡೆ ಜೋತಾಡುವ ಲಾಡಿ ಮಾತ್ರ ವ್ಯತ್ಯಾಸ, ಉದ್ದ ಒಂದು ಗೇಣು. ಬೊಕ್ಕಾಚೊ ಕೂಡ ತೋರಿಸೋದು ಆ ಲಾಡಿಗಳನ್ನೇ.

ಇನ್ನೊಂದು ಪುಟ್ಟ ವಿಷಯ: ನಾಣ್ಯ. ಪೆರೊನೆಲ್ಲಾ ಕತೆಯ ಜಿಲ್ಯಾತೊ ನೇಪಲ್ಸಿನ ಬೆಳ್ಳಿ ನಾಣ್ಯ. ಚಿನ್ನದ ಫ್ಲೋರಿನ್ ಕೊಟ್ಟು ಗುಡಾಣ ಕೊಂಡರೆ ಗೊತ್ತಿರೋ ಪ್ರೇಕ್ಷಕ ನಗೋದು ಬೇರೆ ಕಾರಣಕ್ಕೆ.

ರೀಲುಗಾಡಿ:

ಮುಚ್ಚಳದ ವಿಷಯ ನಮಗೆ ಹೊಳೆದೇ ಇರಲಿಲ್ಲ. ನಮ್ಮ ಸ್ಕೆಚ್ಚಿನಲ್ಲಿ ಬಾಯಿ 80 ಸೆಂಟಿಮೀಟರ್ ಇದೆ, ಬದಲಾಯಿಸ್ತೀವಿ. ಆಂಡ್ರುಚ್ಚೊ ಬಿಟ್ಟರೆ ಎರಡು ಕತೆಗೆ 40 ನಿಮಿಷ ಜಾಸ್ತಿಯಾಗಲ್ವಾ? ಬೆಳಕಿನ ಗೆರೆಯಲ್ಲೇ ಮುಗಿಸಿದರೆ ಬೆತ್ತಲೆ ತೋರಿಸುವ ಅಗತ್ಯವೇ ಇಲ್ಲ ಅಂತಾಯ್ತಾ?

ಕತ್ತರಿಮೇಜು:

ಜಾಸ್ತಿಯಾಗುತ್ತೆ. 40 ನಿಮಿಷಕ್ಕೆ ಎಳೆಯಬೇಡಿ, 25ಕ್ಕೆ ಇಳಿಸಿ. ಪೆರೊನೆಲ್ಲಾ 12, ಮಠ 9, ಮಿಕ್ಕಿದ್ದು ಎರಡನ್ನೂ ಹೊಲಿಯುವ ದಾರಕ್ಕೆ.

ಬೆಳಕಿನ ಗೆರೆ ಒಪ್ಪಿದೆ, ಆದರೆ ಅದರ ಹಿಂದೆ ಅಡಗಿ ಕೂರೋದನ್ನು ಒಪ್ಪಲ್ಲ. ಇಡೀ ಸಿನಿಮಾ ನೆರಳು, ಸಂದು, ಗೆರೆಯಲ್ಲೇ ಹೋದರೆ ಅದು ಮಡಿವಂತಿಕೆ, ಬೊಕ್ಕಾಚೊಗೆ ಇಲ್ಲದ ನಾಚಿಕೆಯನ್ನು ನೀವು ತಂದು ಹಾಕಿದ ಹಾಗೆ. ಪಾಸೊಲಿನಿ ಮೈಯನ್ನು ನೇರ ಬೆಳಕಲ್ಲಿ, ಎದುರಿನಿಂದ, ಹಲ್ಲು ಬಿದ್ದ ನಗುವಿನ ಜೊತೆ ತೋರಿಸಿದ. ಕದ್ದು ನೋಡುವ ಕಣ್ಣಿಗೆ ಅಲ್ಲಿ ಕೆಲಸ ಇಲ್ಲ. ಆ ಧೈರ್ಯಕ್ಕೆ ಬಂದ ಬಿಲ್ಲೂ ಗೊತ್ತಿರಲಿ. ಚಿತ್ರ ಗೆದ್ದ ಮೇಲೆ ಇಟಲಿಯಲ್ಲಿ ಡೆಕಮೆರಾನ್ ಹೆಸರು ಹಚ್ಚಿಕೊಂಡ ಅಗ್ಗದ ಸಿನಿಮಾಗಳು ಸಾಲುಗಟ್ಟಿ ಬಂದವು, ಆ ಜಾತಿಗೇ 'ದೆಕಮೆರೋತಿಕೊ' ಅಂತ ಹೆಸರು ಬಿತ್ತು. 1975ರಲ್ಲಿ ಪಾಸೊಲಿನಿ ಡೆಕಮೆರಾನ್ ಸೇರಿ ಹಳೇ ಕತೆಪುಸ್ತಕಗಳಿಂದ ಮಾಡಿದ ತನ್ನ ಮೂರೂ ಚಿತ್ರಗಳಿಂದ ಕೈ ತೊಳೆದುಕೊಂಡು ಲೇಖನವನ್ನೇ ಬರೆದ. ಮುಗ್ಧ ಅಂತ ತಾನು ನಂಬಿದ ಮೈಗಳನ್ನು ಮಾರುಕಟ್ಟೆ ನುಂಗಿಹಾಕಿತು ಅನ್ನೋದು ಅವನ ವಾದ.

ಕೆಲಸದ ಮಾತಿಗೆ ಬರೋಣ. ನಗುವಿಗೆ ಅಡ್ಡ ಬರೋದು ಬೆತ್ತಲೆಯಲ್ಲ, ಅದರ ಅವಧಿ. ಮೈ ಕಂಡ ಶಾಟ್ ನಾಲ್ಕೈದು ಸೆಕೆಂಡ್ ದಾಟಿದರೆ ಪ್ರೇಕ್ಷಕ ಕತೆ ಬಿಟ್ಟು ಮೈ ನೋಡೋಕೆ ಶುರು ಮಾಡ್ತಾನೆ. ಹಿನ್ನೆಲೆ ಸಂಗೀತ ಸೇರಿದರೆ ಮುಗಿಯಿತು. ಆ ದೃಶ್ಯಕ್ಕೆ ಸಂಗೀತ ಬೇಡ, ಕೆರೆಯುವ ಸದ್ದೇ ತಾಳ. ಫೈಬರ್ ಕೆರೆದರೆ ಬಕೆಟ್ ಉಜ್ಜಿದ ಹಾಗೆ ಕೇಳುತ್ತೆ. ನಿಜವಾದ ಮಣ್ಣಿನ ಗುಡಾಣ ಹುಡುಕಿ, ಒಳಗೊಂದು ಮೈಕ್ ಇಳಿಬಿಟ್ಟು, ಕಬ್ಬಿಣದ ತುಂಡಿನಿಂದ ನಿಧಾನ, ಮಧ್ಯಮ, ಬಿರುಸು ಅಂತ ಮೂರು ವೇಗದಲ್ಲಿ ತಲಾ ಎರಡು ನಿಮಿಷ ರೆಕಾರ್ಡ್ ಮಾಡಿ. ಗಂಡನ ಮಾತನ್ನೂ ಅದೇ ಗುಡಾಣದೊಳಗೆ ಮೈಕ್ ಇಟ್ಟು ಡಬ್ ಮಾಡಿಸಿ, ಸಾಫ್ಟ್‌ವೇರಿನ ಪ್ರತಿಧ್ವನಿ ಬಾವಿಯ ಹಾಗೆ ಕೇಳುತ್ತೆ, ಗುಡಾಣದ ಹಾಗಲ್ಲ. ಅವಳ ಸಂಭಾಷಣೆ ಬೊಕ್ಕಾಚೊನೇ ಕೊಟ್ಟಿದ್ದಾನೆ: ಇಲ್ಲಿ ಕೆರಿ, ಅಲ್ಲಿ ಕೆರಿ, ನೋಡು ಇನ್ನೊಂಚೂರು ಉಳಿದಿದೆ. ಇದಕ್ಕೆ ಒಂದಕ್ಷರ ಸೇರಿಸಬೇಡಿ. ಕೇಳೋದು ಗಂಡ, ಮಾತು ಯಾರಿಗೆ ಅಂತ ಎಲ್ಲರಿಗೂ ಗೊತ್ತು. ಕೊನೆಗೆ ಕೆರೆತವೂ ಆ ಕಡೆಯ ಕೆಲಸವೂ ಒಟ್ಟಿಗೇ ನಿಲ್ಲಬೇಕು. ಮೂಲದಲ್ಲೂ ಹಾಗೇ ಇದೆ. ನಿಂತ ಮೇಲೆ ಎರಡು ಸೆಕೆಂಡ್ ಪೂರ್ತಿ ನಿಶ್ಶಬ್ದ ಬಿಡಿ, ನಗು ಬರೋದು ಅಲ್ಲಿ.

ಇದಕ್ಕೆ ಮುಂಚಿನ ಒಂದು ತುಣುಕನ್ನು ಎಲ್ಲರೂ ಕತ್ತರಿಸ್ತಾರೆ, ನೀವು ಉಳಿಸಿ. ಹಬ್ಬದ ರಜೆ ಅಂತ ಗಂಡ ಬೇಗ ಮನೆಗೆ ಬಂದು ಬಾಗಿಲು ತಟ್ಟುತ್ತಾನೆ. ಒಳಗಿನಿಂದ ಅಗಳಿ ಹಾಕಿದೆ. ಅವನಿಗೆ ಅನುಮಾನ ಬರಲ್ಲ, ಬದಲಿಗೆ ದೇವರಿಗೆ ಕೈ ಮುಗೀತಾನೆ: ಬಡತನ ಕೊಟ್ಟರೂ ಎಂಥ ಪತಿವ್ರತೆ ಹೆಂಡತಿ ಕೊಟ್ಟೆಯಪ್ಪಾ, ನಾನು ಹೋದ ಕೂಡಲೇ ಬಾಗಿಲು ಹಾಕ್ಕೋತಾಳೆ! ಇದೊಂದಿದ್ದರೆ ಮುಂದಿನ ಹತ್ತು ನಿಮಿಷಕ್ಕೆ ಅಡಿಪಾಯ ಬಿದ್ದ ಹಾಗೆ. ಆಮೇಲೆ ಅವನು ಐದು ಜಿಲ್ಯಾತೊಗೆ ಗುಡಾಣ ಮಾರಿ ಬಂದೆ ಅಂದಾಗ ಅವಳು ತಿರುಗಿ ಬೀಳ್ತಾಳೆ. ಹೊರಗೆ ಕಾಲಿಡದ ಹೆಂಗಸು ನಾನೇ ಏಳಕ್ಕೆ ಮಾರಿದ್ದೀನಿ, ಕೊಂಡವನು ಒಳಗೆ ಗಟ್ಟಿಯಿದೆಯಾ ಅಂತ ನೋಡ್ತಿದ್ದಾನೆ ಅಂತಾಳೆ. ಬೈಗುಳ ಜೋರಾಗಿ ಬರಬೇಕು, ಯಾಕಂದರೆ ಒಳಗೆ ಅಡಗಿದವನು ಅದನ್ನು ಕೇಳಿಸಿಕೊಂಡೇ ತನ್ನ ಪಾತ್ರ ಏನು ಅಂತ ತಿಳ್ಕೋಬೇಕು. ನಟಿ ಮೆತ್ತಗೆ ಹೇಳಿದರೆ ತರ್ಕವೇ ಬಿದ್ದುಹೋಗುತ್ತೆ.

ಮಠದ ಕತೆಯಲ್ಲಿ ಬಣ್ಣದಪೆಟ್ಟಿಗೆಯವರ ಜೊತೆ ನನ್ನದೊಂದು ತಕರಾರು. ಅಷ್ಟು ದೃಶ್ಯವೇ ಆದ ಕತೆ, ಆದರೂ ಪಾಸೊಲಿನಿ ಅದನ್ನು ಚಿತ್ರಿಸಲಿಲ್ಲ! ನೇಪಲ್ಸಿನ ಬೀದಿಯಲ್ಲಿ ಒಬ್ಬ ಮುದುಕನ ಬಾಯಲ್ಲಿ ಹೇಳಿಸಿದ. ಜನ ಬಾಯಿ ತೆರೆದು ಕೇಳ್ತಿರುವಾಗ ಚಪ್ಪೆಲ್ಲೆತ್ತೊ ಅದೇ ಗುಂಪಿನಲ್ಲಿ ಜೇಬು ಕತ್ತರಿಸ್ತಾನೆ. ನೀವು ದಾರ ಹುಡುಕ್ತಿದ್ದೀರಲ್ಲ, ಹೇಳುವ ಬಾಯಿ ಹಾಗೂ ಬರಬಹುದು. ಚಿತ್ರಿಸಲೇಬೇಕು ಅಂದರೆ ಪ್ರಶ್ನೆ ಒಂದೇ, ಪ್ರೇಕ್ಷಕನಿಗೆ ಚಡ್ಡಿ ಯಾವಾಗ ಕಾಣಬೇಕು? ಬೊಕ್ಕಾಚೊ ಮೊದಲೇ ಹೇಳಿಬಿಡ್ತಾನೆ, ಅದೇ ಸರಿ. ಕೊನೆಗೆ ಬಿಚ್ಚಿಟ್ಟರೆ ಒಂದು ನಗು, ಮೊದಲೇ ತೋರಿಸಿದರೆ ಯಜಮಾನಿ ಬೈದ ಪ್ರತಿ ಸಾಲಿಗೂ ಒಂದು. ಆದರೆ ಮಿಕ್ಕ ಸನ್ಯಾಸಿನಿಯರು ಯಾಕೆ ನೋಡಲಿಲ್ಲ? ಅವರೆಲ್ಲರ ಕಣ್ಣು ಮಿಂಡನ ಜೊತೆ ಸಿಕ್ಕಿಬಿದ್ದ ಸನ್ಯಾಸಿನಿ ಇಸಬೆತ್ತಾ ಮೇಲೆ ನೆಟ್ಟಿದೆ. ಇಸಬೆತ್ತಾ ನಾಚಿಕೆಯಿಂದ ತಲೆ ತಗ್ಗಿಸಿದ್ದಾಳೆ. ಅವಳು ತಲೆ ಎತ್ತುವ ಕ್ಷಣವೇ ಕಟ್. 'ಅಮ್ಮಾ, ಮೊದಲು ತಲೆವಸ್ತ್ರ ಕಟ್ಟಿಕೊಳ್ಳಿ, ಆಮೇಲೆ ಏನು ಬೇಕಾದರೂ ಅನ್ನಿ' ಅನ್ನೋ ಮಾತು ಅವಳು ಎರಡು ಸಲ ಹೇಳ್ತಾಳೆ. ಮೊದಲನೇ ಸಲ ಯಾರಿಗೂ ಅರ್ಥ ಆಗಬಾರದು. ಕಾರಿಡಾರಿನಲ್ಲಿ ಒಂದೇ ದೀಪ, ಅದೂ ಯಜಮಾನಿಯ ಬೆನ್ನ ಹಿಂದೆ. ಸಭೆ ಸೇರುವ ಕೋಣೆಗೆ ಬಂದ ಮೇಲೆ ಮಾತ್ರ ಮುಖಕ್ಕೆ ಬೆಳಕು.

ಹಾಸಿಗೆ ದೃಶ್ಯ ಇಟ್ಟರೆ ಇಂಟಿಮಸಿ ಕೋಆರ್ಡಿನೇಟರ್ (ಇಂಥ ದೃಶ್ಯಗಳಲ್ಲಿ ನಟರ ಒಪ್ಪಿಗೆ, ಸುರಕ್ಷತೆ ನೋಡಿಕೊಳ್ಳುವವರು) ಇಲ್ಲದೆ ಶೂಟಿಂಗ್ ಇಟ್ಕೋಬೇಡಿ. ಯಾವ ಅಂಗ, ಎಷ್ಟು ಶಾಟ್, ಯಾವ ಕೋನ, ಎಲ್ಲ ಶೂಟಿಂಗಿಗೆ ಮುಂಚೆ ಕರಾರಿನಲ್ಲಿ ಬರಲಿ. ಗುಡಾಣದ ದೃಶ್ಯದಲ್ಲಿ ನಟಿಗೆ ಹಿಂದೆ ನಿಂತವನು ಕಾಣೋದೇ ಇಲ್ಲ, ಹಾಗಾಗಿ ನಿಲ್ಲಿಸುವ ಸಂಕೇತ ಅವಳ ಹೊರಗಿರುವ ಕೈಯಲ್ಲಿರಲಿ, ಗುಡಾಣದ ಮೈಗೆ ಎರಡು ತಟ್ಟು ಅಂದರೆ ಎಲ್ಲ ಬಂದ್.

ಮೂಕಿಟಾಕಿ:

ಹಕ್ಕುಗಳು ಚುಟುಕಾಗಿ. ಬೊಕ್ಕಾಚೊ ಎಲ್ಲರ ಸ್ವತ್ತು. ಅನುವಾದ ಹಾಗಲ್ಲ. ಇಂಗ್ಲಿಷ್ ಇಟ್ಕೊಂಡು ಕೆಲಸ ಮಾಡ್ತಿದ್ದರೆ ಜಾನ್ ಪೇನ್ (1886) ಅಥವಾ ರಿಗ್ (1903) ಹಕ್ಕು ಮುಗಿದಿರೋವು. ಮೆಕ್‌ವಿಲಿಯಮ್ 1972ರದ್ದು, ಅವರ ಸಂಭಾಷಣೆಯ ಸಾಲನ್ನು ಎತ್ತಿಕೊಳ್ಳೋ ಹಾಗಿಲ್ಲ. ರಿಗ್ ಮೂರನೇ ದಿನದ 10ನೇ ಕತೆಯ ಮುಖ್ಯ ಭಾಗವನ್ನು ಅನುವಾದಿಸದೆ ಇಟಾಲಿಯನ್ನಿನಲ್ಲೇ ಬಿಟ್ಟಿದ್ದಾರೆ, ಪುಟ ಕಳೆದಿದೆ ಅಂದ್ಕೋಬೇಡಿ.

ಪಾಸೊಲಿನಿ ಸೇರಿಸಿದ್ದೆಲ್ಲ ಪಾಸೊಲಿನಿಯದ್ದೇ. ಅವನು ತೀರಿಕೊಂಡದ್ದು 1975ರಲ್ಲಿ, ಯುರೋಪಿನ 70 ವರ್ಷದ ಲೆಕ್ಕದಲ್ಲಿ 2045ರ ಕೊನೆ ತನಕ ಹಕ್ಕು ಇದೆ. ಚಿತ್ರಕಾರ ಶಿಷ್ಯನ ದಾರ, ಬೀದಿಯ ಮುದುಕನ ಹಿನ್ನೆಲೆಯಲ್ಲಿ ಜೇಬುಗಳ್ಳತನ, ಇವನ್ನು ಹಾಗೇ ಎತ್ತಿಕೊಂಡರೆ ಮೂಲ ಬೊಕ್ಕಾಚೊ ಅಂತ ವಾದ ಮಾಡೋಕೆ ಆಗಲ್ಲ. ಬೀದಿಯಲ್ಲಿ ಕತೆ ಹೇಳುವವನು ಯಾರ ಸ್ವತ್ತೂ ಅಲ್ಲ, ಆದರೆ ಅವನ ಪಕ್ಕದಲ್ಲಿ ನಡೆಯೋದು ನಿಮ್ಮದೇ ಆಗಿರಲಿ.

ಸರ್ಟಿಫಿಕೇಟು: ಇಟಲಿಯಲ್ಲಿ 2021ರಿಂದ ಚಿತ್ರವನ್ನು ತಡೆಹಿಡಿಯುವ, ಕತ್ತರಿಸುವ ಅಧಿಕಾರ ಹೋಗಿದೆ. ನಿರ್ಮಾಪಕರೇ ವಯಸ್ಸಿನ ವರ್ಗ ಸೂಚಿಸ್ತಾರೆ, ಸಮಿತಿ ಪರಿಶೀಲಿಸುತ್ತೆ. 14ರ ಮೇಲೆ, 18ರ ಮೇಲೆ ಅನ್ನೋ ವರ್ಗಗಳೂ ಅದರಲ್ಲಿವೆ.

ಮಠದ ಕತೆ ಆರಿಸಿದ್ದೀರಿ, ಆದ್ದರಿಂದ ಒಂದು ಹಳೇ ವಿಷಯ. 1559ರಲ್ಲಿ ಡೆಕಮೆರಾನ್ ಚರ್ಚಿನ ನಿಷೇಧಪಟ್ಟಿ ಸೇರಿತು. 1573ರಲ್ಲಿ ಫ್ಲಾರೆನ್ಸಿನಲ್ಲಿ 'ತಿದ್ದಿದ' ಪ್ರತಿ ಅಚ್ಚಾಯಿತು. ತಿದ್ದಿದವರು ಹಾದರವನ್ನು ಮುಟ್ಟಲೇ ಇಲ್ಲ, ಪಾದ್ರಿ ಸನ್ಯಾಸಿನಿಯರನ್ನು ಮಾತ್ರ ಸಂಸಾರಸ್ಥರನ್ನಾಗಿ ಮಾಡಿದರು. ಮಠದಲ್ಲಿ ಶೂಟಿಂಗ್ ಮಾಡೋಕೆ ಅನುಮತಿ ಕೇಳುವಾಗ ಇವತ್ತೂ ತಕರಾರು ಬರೋದು ಅಲ್ಲೇ. ಬಳಕೆಯಲ್ಲಿರುವ ಮಠದ ಬೆನ್ನು ಹತ್ತಬೇಡಿ. ಪುರಸಭೆಯ ಕೈಲಿರುವ, ಪೂಜೆ ನಿಂತ ಕಟ್ಟಡ ಹುಡುಕಿ, ಅರ್ಜಿಯ ಜೊತೆ ಚಿತ್ರಕತೆಯನ್ನು ಪೂರ್ತಿ ಕೊಡಿ. ಅರ್ಧ ಕೊಟ್ಟು, ಚಡ್ಡಿ ದೃಶ್ಯದ ದಿನ ಅವರಿಗೆ ಗೊತ್ತಾದರೆ ಸಾಮಾನು ಕಟ್ಟಬೇಕಾಗುತ್ತೆ.

ಬಣ್ಣದಪೆಟ್ಟಿಗೆ:

ಕತ್ತರಿಮೇಜು ಹೇಳಿದ ದೀಪಕ್ಕೆ ಒಂದು ತಿದ್ದುಪಡಿ. ದೀಪ ಬೆನ್ನ ಹಿಂದೆ ಇಟ್ಟರೆ ತೆಳು ನಾರುಬಟ್ಟೆಯ ಅಂಚು ಹೊಳೆದು, ಲಾಡಿ ಎರಡೂ ಕಪ್ಪು ಗೆರೆಗಳಾಗಿ ಕಾರಿಡಾರಿನಲ್ಲೇ ಕಂಡುಬಿಡ್ತವೆ. ಪ್ರೇಕ್ಷಕನಿಗೆ ಕಂಡರೆ ಒಳ್ಳೇದೇ, ಪಕ್ಕದಲ್ಲಿ ನಡೆಯೋ ಸನ್ಯಾಸಿನಿಗೂ ಕಂಡರೆ ಕಷ್ಟ. ದೀಪ ಹಿಡಿದವಳನ್ನು ನಾಲ್ಕು ಹೆಜ್ಜೆ ಮುಂದೆ ನಡೆಸಿ, ಮಿಕ್ಕವರು ಅವಳ ಬೆನ್ನು ನೋಡ್ತಾ ಹೋಗಲಿ.